ಕಾರಿನ ಪವರ್ ಆಂಟೆನಾ ಅರ್ಧಕ್ಕೆ ನಿಂತಿದೆ, ಮೋಟಾರ್ ಮಾತ್ರ ತಿರುಗುತ್ತಿದೆ. ಏನು ಮಾಡಬಹುದು?

ಸಿಂಹಗಡ ರೋಡ್ ಹುಡುಗ (ಪುಣೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮಾವ ಕೊಟ್ಟ ಹಳೇ ಸೆಡಾನ್ ಒಂದಿದೆ, 1999ರದು. ಹಿಂದೆ ಎಡಗಡೆ ಫೆಂಡರ್ ಮೇಲೆ ಪವರ್ ಆಂಟೆನಾ. ರೇಡಿಯೋ ಹಾಕಿದರೆ ತಾನೇ ಮೇಲೆ ಬರುತ್ತಿತ್ತು, ಆಫ್ ಮಾಡಿದರೆ ಒಳಗೆ ಇಳಿಯುತ್ತಿತ್ತು. ಈಗ ಅರ್ಧ ಮೇಲೆ ಬಂದು ಅಲ್ಲೇ ನಿಂತುಬಿಟ್ಟಿದೆ. ರೇಡಿಯೋ ಆನ್ ಮಾಡಿದಾಗಲೂ ಆಫ್ ಮಾಡಿದಾಗಲೂ ಡಿಕ್ಕಿಯೊಳಗೆ ಗಿರ್ರ್ ಅಂತ ಸದ್ದು ಬರುತ್ತದೆ. ಕಡ್ಡಿ ಅಲ್ಲಾಡುವುದಿಲ್ಲ.

ಎಲೆಕ್ಟ್ರೀಷಿಯನ್ ನೋಡಿ, "ಪೂರ್ತಿ ಕಿತ್ತುಹಾಕಿ ರಬ್ಬರ್ ಬೂಚು ಬಡಿದುಬಿಡ್ತೀನಿ" ಅಂದ. ನನಗೆ ಮನಸ್ಸಿಲ್ಲ. ಮಾವನ ಗಾಡಿ, ಅವರು ಆಗಾಗ ಬಂದು ನೋಡುತ್ತಾರೆ. ಜೊತೆಗೆ ನಮ್ಮ ಸೊಸೈಟಿಯಲ್ಲಿ ಒಂದರ ಮೇಲೊಂದು ಕಾರು ನಿಲ್ಲಿಸುವ ಮೆಕ್ಯಾನಿಕಲ್ ಪಾರ್ಕಿಂಗ್. ಕಡ್ಡಿ ಹೊರಗಿದ್ದರೆ ಮೇಲಿನ ತಟ್ಟೆಗೆ ತಾಗುತ್ತದೋ ಅಂತ ಭಯ. ಯಾರಾದರೂ ಮನೆಯಲ್ಲೇ ಬಿಚ್ಚಿ ಸರಿಮಾಡಿದ್ದೀರಾ?

ನಾನಾ ಪೇಠ್ ಅಲೆಮಾರಿ (ಪುಣೆ)

ಮೊದಲು ಒಂದು ಕೆಲಸ ಮಾಡಿ. ರೇಡಿಯೋ ಆನ್-ಆಫ್ ಮಾಡಿ ಮಾಡಿ ನೋಡುವುದನ್ನು ನಿಲ್ಲಿಸಿ. ಕಡ್ಡಿ ಸಿಕ್ಕಿಕೊಂಡಿದ್ದಾಗ ಮೋಟಾರ್ ಓಡಿಸಿದಷ್ಟೂ ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆಯುತ್ತದೆ. ಆಂಟೆನಾದ ಫ್ಯೂಸ್ ಎಳೆದಿಡಿ. ಫ್ಯೂಸ್ ಬೇರೆ ಯಾವುದಕ್ಕೋ ಜೊತೆಯಾಗಿದ್ದರೆ ಡಿಕ್ಕಿಯ ಎಡಗಡೆ ಕಾರ್ಪೆಟ್ ಸರಿಸಿ ಮೋಟಾರಿನ ಕನೆಕ್ಟರ್ ಕಳಚಿ. ಆಮೇಲೆ ನಿಧಾನವಾಗಿ ಯೋಚಿಸೋಣ.

ವಾಚ್‌ಮನ್‌ಗೂ ಹೇಳಿಡಿ. ಬೆಳಿಗ್ಗೆ ಗಾಡಿ ಒರೆಸುವಾಗ ಕಡ್ಡಿ ಹೊರಗಿದೆ ಅಂತ ಕೈಯಿಂದ ಒತ್ತಿ ಕೂರಿಸಲು ನೋಡುತ್ತಾರೆ. ಎಷ್ಟೋ ಆಂಟೆನಾ ಹಾಳಾಗುವುದೇ ಹಾಗೆ.

ವಾಸ್ಕೋ ಬಂದರು (ಗೋವಾ)

ಮೋಟಾರಿನ ಸದ್ದು ಸರಿಯಾಗಿ ಕೇಳಿಸಿಕೊಂಡಿರಾ? ಪವರ್ ಆಂಟೆನಾದಲ್ಲಿ ಅರ್ಧ ರೋಗ ಕಿವಿಗೇ ಗೊತ್ತಾಗುತ್ತದೆ. ನಾನು ಹಡಗಿನ ವೈರಿಂಗ್ ಕೆಲಸದವನು, ಆದರೆ ಮೋಟಾರ್ ಎಲ್ಲಿದ್ದರೂ ಮೋಟಾರೇ.

ಒಳಗೆ ಇರುವುದು ಇಷ್ಟು. ಒಂದು ಚಿಕ್ಕ 12 ವೋಲ್ಟ್ ಮೋಟಾರ್. ಅದಕ್ಕೆ ಗೇರ್. ಗೇರಿಗೆ ಕಚ್ಚಿಕೊಂಡು ಓಡುವ ನೈಲಾನ್ ಹಗ್ಗ, ಒಂದು ಬದಿಗೆ ಹಲ್ಲು ಇರುವಂಥದ್ದು. ಆ ಹಗ್ಗದ ತುದಿ ಆಂಟೆನಾದ ಅತಿ ಸಣ್ಣ ಕಡ್ಡಿಗೆ, ಅಂದರೆ ತುತ್ತತುದಿಯ ಕಡ್ಡಿಗೆ ಸೇರಿರುತ್ತದೆ. ಹಗ್ಗ ತಳ್ಳಿದರೆ ಮೊದಲು ಸಣ್ಣದು ಮೇಲೆ ಹೋಗುತ್ತದೆ, ಅದು ಮುಂದಿನದನ್ನು ಎಳೆದುಕೊಳ್ಳುತ್ತದೆ, ಹೀಗೆ ಎಲ್ಲ. ಇಳಿಯುವಾಗ ಹಗ್ಗ ಒಂದು ದುಂಡನೆಯ ಡಬ್ಬಿಯಲ್ಲಿ ಸುತ್ತಿಕೊಳ್ಳುತ್ತದೆ.

ಈಗ ಸದ್ದು. ರೇಡಿಯೋ ಹಾಕಿದಾಗ ಏನೂ ಸದ್ದಿಲ್ಲ ಅಂದರೆ ಕರೆಂಟ್ ಬರುತ್ತಿಲ್ಲ: ಫ್ಯೂಸ್, ರಿಲೇ (ಸಣ್ಣ ಕರೆಂಟಿನ ಸೂಚನೆಯಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್), ಅರ್ಥ್ ಅಥವಾ ಸ್ಟೀರಿಯೋದಿಂದ ಬರುವ ವೈರ್. ಗಿರ್ರ್ ಅಂತ ಹಗುರವಾಗಿ, ಭಾರವೇ ಇಲ್ಲದ ಹಾಗೆ ಓಡಿ ನಿಂತರೆ ನೈಲಾನ್ ಹಗ್ಗ ತುಂಡಾಗಿದೆ. ಗೇರ್ ತಿರುಗುತ್ತಿದೆ, ತಳ್ಳಲು ಏನೂ ಇಲ್ಲ. ಮೊದಲು ಭಾರವಾಗಿ ಎಳೆದು ಆಮೇಲೆ ಕಟಕಟ ಅಂದರೆ ಹಗ್ಗ ಸರಿ ಇದೆ, ಕಡ್ಡಿ ಸಿಕ್ಕಿದೆ, ಗೇರ್ ಮುರಿಯದಿರಲಿ ಅಂತ ಆಂಟೆನಾದೊಳಗೇ ಇರುವ ಸಣ್ಣ ಕ್ಲಚ್ ಜಾರುತ್ತಿದೆ. ನಿಮ್ಮದು ಯಾವುದು?

ಸಿಂಹಗಡ ರೋಡ್ ಹುಡುಗ (ಪುಣೆ)

ಮೊದಮೊದಲು ಕಟಕಟ ಇತ್ತು. ಕಳೆದ ವಾರದಿಂದ ಹಗುರವಾಗಿ ಗಿರ್ರ್ ಅಂದು ಸುಮ್ಮನಾಗುತ್ತದೆ. ಹಾಗಾದರೆ ಎರಡೂ ಆಗಿದೆಯಾ?

ವಾಸ್ಕೋ ಬಂದರು (ಗೋವಾ)

ಹಾಗೇ ಕಾಣುತ್ತದೆ. ಮೊದಲು ಕಡ್ಡಿ ಸಿಕ್ಕಿಕೊಂಡಿತು. ದಿನಾ ರೇಡಿಯೋ ಹಾಕಿ ಹಾಕಿ ಕೊನೆಗೆ ಹಗ್ಗ ಹರಿಯಿತು. ಹಗ್ಗ ಹರಿದದ್ದು ಎರಡನೇ ರೋಗ. ಮೊದಲನೆಯದನ್ನು ಹುಡುಕದೆ ಹೊಸ ಹಗ್ಗ ಹಾಕಿದರೆ ಅದೂ ಹರಿಯುತ್ತದೆ.

ಚಿಂಚವಾಡ ಚಟ್ನಿಪುಡಿ (ಪುಣೆ)

ಇಷ್ಟೆಲ್ಲ ಯಾಕ್ರೀ? ಕಡ್ಡಿಗೆ ಚೂರು ಕೊಬ್ಬರಿ ಎಣ್ಣೆ ಹಚ್ಚಿ ಎಳೆದಾಡಿ. ನಮ್ಮ ಆಫೀಸ್ ಡ್ರೈವರ್ ಯಾವಾಗಲೂ ಅದನ್ನೇ ಮಾಡುತ್ತಿದ್ದರು. ಬಾಗಿಲ ಕೀಲಿನಿಂದ ಹಿಡಿದು ಆಂಟೆನಾವರೆಗೆ ಎಲ್ಲಕ್ಕೂ ಒಂದೇ ಬಾಟಲಿ.

ಸೋಲ್ಡರ್ ಅಕ್ಕ (ಠಾಣೆ)

ಚಟ್ನಿಪುಡಿ ಅವರೇ, ದಯವಿಟ್ಟು ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ಪುಣೆಯ ಬೆಳಗಿನ ಚಳಿ ಗೊತ್ತಲ್ವಾ? ಬಾತ್‌ರೂಮಿನ ಬಾಟಲಿಯಲ್ಲಿ ಏನಾಗುತ್ತದೋ ಕಡ್ಡಿಯ ಒಳಗೂ ಅದೇ ಆಗುತ್ತದೆ. ದಿನ ಕಳೆದ ಮೇಲೆ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ. ಬೈಪಾಸ್ ಪಕ್ಕ ಎಲ್ಲಿ ನೋಡಿದರೂ ಕಟ್ಟಡ ಕೆಲಸ. ಆ ಸಿಮೆಂಟ್ ಧೂಳು ಮತ್ತು ಎಣ್ಣೆ ಸೇರಿದರೆ ಗ್ರೈಂಡಿಂಗ್ ಪೇಸ್ಟ್ ಆಯಿತು.

ಗ್ರೀಸ್ ಕೂಡ ಕಡ್ಡಿಗೆ ಬೇಡ, ಅದೇ ಕಾರಣಕ್ಕೆ. ಕಡ್ಡಿಯನ್ನು ಮೊದಲು ಒಣ ಬಟ್ಟೆಯಲ್ಲಿ, ಆಮೇಲೆ ಡಬ್ಲ್ಯೂಡಿ-40 ಹಾಕಿದ ಬಟ್ಟೆಯಲ್ಲಿ ಒರೆಸಿ. ಕಪ್ಪು ಬರುವುದು ನಿಂತ ಮೇಲೆ ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಬಟ್ಟೆಗೆ ಹಾಕಿ ತೆಳುವಾಗಿ ಸವರಿ. ಮುಟ್ಟಿದರೆ ಕೈಗೆ ಅಂಟಬಾರದು, ಅಷ್ಟೇ ಲೆಕ್ಕ.

ಚಿಂಚವಾಡ ಚಟ್ನಿಪುಡಿ (ಪುಣೆ)

ಆಯ್ತು ಅಕ್ಕ. ಎಣ್ಣೆ ತಲೆಗೇ ಇರಲಿ.

ಮುಲುಂಡ್ ಮಾರಾಯ (ಮುಂಬೈ)

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. ಈ ಕಾಲದಲ್ಲಿ ಪವರ್ ಆಂಟೆನಾ ಯಾಕೆ ಮಾರಾಯ್ರೇ? ಗಾಜಿನ ಒಳಗೆ ಅಂಟಿಸುವ ಆಂಟೆನಾ ಬರುತ್ತದೆ, ಮಾಡಿನ ಮೇಲೆ ಕೂರಿಸುವ ಗಿಡ್ಡ ಆಂಟೆನಾ ಬರುತ್ತದೆ. ನಾನು ಪಾಟೀಲರ ಅಂಗಡಿಯ ಪಕ್ಕ ಗಾಡಿ ನಿಲ್ಲಿಸಿದರೆ ಹುಡುಗರು ಕಡ್ಡಿ ಮುರಿದು ಹೋಗುತ್ತಾರೆ. ಎರಡು ಸಲ ಆದ ಮೇಲೆ ತೆಗೆಸಿಬಿಟ್ಟೆ. ಮುಂಬೈ ಒಳಗೆ ಎಫ್‌ಎಂ ಕೇಳಲು ಒಂದು ತುಂಡು ವೈರ್ ಸಾಕು.

ಹಳೇ ಗಾಡಿ ಕಾಕಾ (ಪಿಂಪ್ರಿ)

ಮುಂಬೈ ಒಳಗೆ ಸಾಕು ಅನ್ನುವುದು ನಿಜ. ಖಂಡಾಳಾ ಘಾಟಿ ಇಳಿದು ನೋಡಿ, ಆಗ ಗೊತ್ತಾಗುತ್ತದೆ. ಎಫ್‌ಎಂ ಅಲೆ ಬೆಟ್ಟ ದಾಟುವುದಿಲ್ಲ. ಪುಣೆಯ ಸ್ಟೇಷನ್ ಕೈಬಿಟ್ಟು ಮುಂಬೈಯದು ಹಿಡಿಯುವ ನಡುವೆ ಗಿಡ್ಡ ಆಂಟೆನಾದಲ್ಲಿ ಬರೀ ಸರ್ರ್ ಸದ್ದು.

ಉದ್ದಕ್ಕೆ ಲೆಕ್ಕ ಇದೆ. ಎಫ್‌ಎಂ 100 ಮೆಗಾಹರ್ಟ್ಸ್ ಅಂದರೆ ಅಲೆಯ ಉದ್ದ 3 ಮೀಟರ್. ಅದರ ಕಾಲು ಭಾಗ 75 ಸೆಂಟಿಮೀಟರ್. ಕಾರಿನ ಉದ್ದ ಕಡ್ಡಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಸುಮ್ನೆ ಅಲ್ಲ. ಹುಡುಗನ ಕಡ್ಡಿ ಅರ್ಧಕ್ಕೆ ನಿಂತರೂ ಊರೊಳಗೆ ಹಾಡು ಕೇಳುತ್ತದೆ, ಯಾಕೆಂದರೆ ಸ್ಟೇಷನ್ ಹತ್ತಿರ. ಊರು ದಾಟಿದರೆ ವ್ಯತ್ಯಾಸ ತಿಳಿಯುತ್ತದೆ.

ಮೀಡಿಯಂ ವೇವ್‌ದು ಬೇರೆಯೇ ಕಥೆ. 1980ರ ದಶಕದಲ್ಲಿ ಕೆಲಸಕ್ಕೆ ಅಂತ ಪಿಂಪ್ರಿಗೆ ಬಂದ ನಮಗೆ ಧಾರವಾಡ ಆಕಾಶವಾಣಿ ಸಿಕ್ಕಿದರೆ ಅದೇ ಹಬ್ಬ. 765 ಕಿಲೋಹರ್ಟ್ಸ್. ಹಗಲು ಗೊರಗೊರ, ಕತ್ತಲಾದ ಮೇಲೆ ಚೊಕ್ಕ. ಆ ಅಲೆ 390 ಮೀಟರಿಗಿಂತ ಉದ್ದ. ಅದರ ಎದುರು ಕಾರಿನ ಕಡ್ಡಿ ಏನೇನೂ ಅಲ್ಲ. ಹಾಗಾಗಿ ಒಂದೊಂದು ಇಂಚೂ ಲೆಕ್ಕಕ್ಕೆ ಬರುತ್ತದೆ, ಬುಡದ ಅರ್ಥ್ ಕೂಡ. ನಾನಂತೂ ರಿಪೇರಿ ಮಾಡಿಸು ಅಂತಲೇ ಹೇಳುತ್ತೇನೆ.

ಮುಲುಂಡ್ ಮಾರಾಯ (ಮುಂಬೈ)

ಕಾಕಾ, ಧಾರವಾಡ ಅಂದ ಮೇಲೆ ನಾನು ಎದುರು ಮಾತಾಡಲಿಕ್ಕಿಲ್ಲ. ನಮ್ಮ ತಂದೆಯವರು ಮಂಗಳೂರು ಸ್ಟೇಷನ್ ಹಿಡಿಯಲು ಬಾಲ್ಕನಿಯಲ್ಲಿ ತಾಮ್ರದ ತಂತಿ ಕಟ್ಟಿದ್ದು ನೆನಪಾಯಿತು.

ನಾನಾ ಪೇಠ್ ಅಲೆಮಾರಿ (ಪುಣೆ)

ಸರಿ, ಹುಡುಗನ ಗಾಡಿಗೆ ಬರೋಣ. ಹಗ್ಗ ಹರಿದಿದ್ದರೆ ಪೂರ್ತಿ ಸೆಟ್ ಬೇಕಾಗಿಲ್ಲ. ಕಡ್ಡಿ ಮತ್ತು ಹಗ್ಗ ಒಟ್ಟಿಗೆ ಬೇರೆಯಾಗಿ ಸಿಗುತ್ತದೆ, ಅಂಗಡಿಯಲ್ಲಿ "ಮಾಸ್ಟ್" ಅನ್ನುತ್ತಾರೆ. ಆದರೆ ಹಳೇದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಹಗ್ಗದ ದಪ್ಪ, ಹಲ್ಲಿನ ಅಂತರ, ಬುಡದ ಕಡ್ಡಿಯ ದಪ್ಪ, ಮೂರೂ ತಾಳೆಯಾಗಬೇಕು. ಫೋಟೋ ತೋರಿಸಿ ತಂದವರು ಮತ್ತೆ ಬದಲಾಯಿಸಲು ಅಲೆಯುತ್ತಾರೆ.

ಬಿಚ್ಚಲು: ಫೆಂಡರ್ ಮೇಲೆ ಕಡ್ಡಿಯ ಬುಡದಲ್ಲಿ ಒಂದು ದುಂಡು ನಟ್ ಇರುತ್ತದೆ, ಎರಡು ಕಡೆ ಕಚ್ಚು ಇರುತ್ತದೆ. ಅದಕ್ಕೆ ಸರ್ಕ್ಲಿಪ್ ಪ್ಲೈಯರ್ ಸರಿಯಾಗಿ ಕೂರುತ್ತದೆ. ಸುತ್ತ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಪ್ಲೈಯರ್ ಜಾರಿದರೆ ಗೀರು ಬೀಳುತ್ತದೆ. ನಟ್ ಬಿಚ್ಚಿ ಕಡ್ಡಿಯನ್ನು ನೇರ ಮೇಲಕ್ಕೆ ಎಳೆಯಿರಿ. ಹಗ್ಗ ಹರಿದಿರದಿದ್ದರೆ ರೇಡಿಯೋ ಆನ್ ಮಾಡಿದರೆ ಮೋಟಾರೇ ಅದನ್ನು ಹೊರಗೆ ತಳ್ಳಿಕೊಡುತ್ತದೆ. ಒಂದು ಕೈ ಜೊತೆಗೆ ಬೇಕು, ಮನೆಯವರಲ್ಲಿ ಯಾರನ್ನಾದರೂ ರೇಡಿಯೋ ಹತ್ತಿರ ಕೂರಿಸಿ.

ಸಿಂಹಗಡ ರೋಡ್ ಹುಡುಗ (ಪುಣೆ)

ನಟ್ ಜಪ್ಪಯ್ಯ ಅಂದರೂ ತಿರುಗುತ್ತಿಲ್ಲ. ಹಸಿರು ಬಣ್ಣಕ್ಕೆ ತಿರುಗಿದೆ. ಜೋರು ಮಾಡಿದರೆ ಕೆಳಗಿನ ಪೈಪೇ ತಿರುಗುವ ಹಾಗಿದೆ.

ವಾಸ್ಕೋ ಬಂದರು (ಗೋವಾ)

ಪೈಪ್ ತಿರುಗಲು ಬಿಡಬೇಡಿ. ಅದರೊಳಗೇ ರೇಡಿಯೋ ಸಿಗ್ನಲ್ ಹೊರುವ ಕೇಬಲ್ ಕೂರುತ್ತದೆ, ತಿರುಚಿದರೆ ಕಿತ್ತುಬರುತ್ತದೆ. ಡಿಕ್ಕಿಯೊಳಗಿನಿಂದ ಇನ್ನೊಬ್ಬರು ಗಟ್ಟಿ ಹಿಡಿಯಬೇಕು. ನಟ್ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹನಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪ್ಲೈಯರ್ ಹಿಡಿಯಿಂದ ನಟ್ ತಲೆಗೆ ಹಗುರವಾಗಿ ತಟ್ಟಿ, ಆಮೇಲೆ ತಿರುಗಿಸಿ. ಮೊದಲು ಚೂರು ಬಿಗಿ ಮಾಡುವ ಕಡೆಗೆ, ಆಮೇಲೆ ಸಡಿಲಿಸುವ ಕಡೆಗೆ. ನಮ್ಮ ಬಂದರಿನಲ್ಲಿ ಉಪ್ಪು ಗಾಳಿಗೆ ಕಚ್ಚಿದ ನಟ್‌ಗಳನ್ನೆಲ್ಲ ಹಾಗೇ ಬಿಡಿಸುವುದು. ಬೆಂಕಿ ತೋರಿಸಲು ಹೋಗಬೇಡಿ. ಸುತ್ತ ಪೇಂಟ್, ರಬ್ಬರ್, ಪ್ಲಾಸ್ಟಿಕ್, ಕೆಳಗೆ ಪೆಟ್ರೋಲ್ ಪೈಪ್.

ಸಿಂಹಗಡ ರೋಡ್ ಹುಡುಗ (ಪುಣೆ)

ಬಿಟ್ಟಿತು! ಕಡ್ಡಿ ಕೈಗೆ ಬಂತು. ಅದರ ಜೊತೆ ಹಗ್ಗ ಬಂದದ್ದು ಗೇಣುದ್ದ ಮಾತ್ರ. ಉಳಿದದ್ದು ಒಳಗೇ ಇದೆ. ಇನ್ನೊಂದು ವಿಷಯ: ಎರಡನೇ ಕಡ್ಡಿ ಸಣ್ಣಗೆ ಬಾಗಿದೆ. ಟೇಬಲ್ ಮೇಲೆ ಉರುಳಿಸಿದಾಗ ಗೊತ್ತಾಯಿತು, ಕಣ್ಣಿಗೆ ಕಾಣುತ್ತಿರಲಿಲ್ಲ. ಕಾರಿನ ಕವರ್ ಎಳೆಯುವಾಗ ಸಿಕ್ಕಿಕೊಂಡಿರಬೇಕು.

ವಾಸ್ಕೋ ಬಂದರು (ಗೋವಾ)

ಮೊದಲ ರೋಗ ಸಿಕ್ಕಿತು ನೋಡಿ. ಬಾಗಿದ ಕಡ್ಡಿಯನ್ನು ನೆಟ್ಟಗೆ ಮಾಡಲು ಹೋಗಬೇಡಿ. ತೆಳು ಕೊಳವೆ, ಬಾಗಿದ ಜಾಗದಲ್ಲಿ ಅಂಡಾಕಾರ ಆಗಿರುತ್ತದೆ. ನೆಟ್ಟಗೆ ಕಂಡರೂ ಒಂದರೊಳಗೊಂದು ಜಾರುವುದಿಲ್ಲ. ಹೇಗೂ ಹೊಸ ಮಾಸ್ಟ್ ಬೇಕು.

ಸೋಲ್ಡರ್ ಅಕ್ಕ (ಠಾಣೆ)

ಹಗ್ಗದ ಉಳಿದ ತುಂಡು ಡಬ್ಬಿಯಲ್ಲಿದೆ. ಅದನ್ನು ತೆಗೆಯದೆ ಹೊಸದನ್ನು ತೂರಿಸಬೇಡಿ, ಎರಡೂ ಸುತ್ತಿಕೊಂಡು ಗೇರ್ ಮುರಿಯುತ್ತದೆ. ಪೂರ್ತಿ ಯೂನಿಟ್ ಹೊರಗೆ ತೆಗೆಯಬೇಕು. ಕೆಲಸ ಕಷ್ಟದ್ದಲ್ಲ, ತಾಳ್ಮೆ ಬೇಕು.

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ರೇಡಿಯೋನೇ ಲಾಕ್ ಆಗುತ್ತದೆ. ಡಿಕ್ಕಿಯ ಎಡ ಬದಿಯ ಹೊದಿಕೆ ತೆಗೆದರೆ ಯೂನಿಟ್ ಕಾಣುತ್ತದೆ. ಕಳಚಬೇಕಾದ್ದು ನಾಲ್ಕು: ಕರೆಂಟಿನ ಕನೆಕ್ಟರ್, ರೇಡಿಯೋ ಕೇಬಲ್, ಬ್ರಾಕೆಟ್ಟಿನ ಬೋಲ್ಟ್, ತಳದಲ್ಲಿ ನೀರು ಹೋಗುವ ಸಣ್ಣ ರಬ್ಬರ್ ಪೈಪ್. ಈ ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಕಡ್ಡಿಯ ಸಂದಿಯಿಂದ ಮಳೆ ನೀರು ಒಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲಿ ಅಂತಲೇ ಆ ಪೈಪ್. ಅದರಲ್ಲಿ ಮಣ್ಣು ಕಟ್ಟಿಕೊಂಡರೆ ನೀರು ಮೋಟಾರಿನ ಕಡೆ ನಿಲ್ಲುತ್ತದೆ. ತಂತಿ ತೂರಿಸಿ ತೆರವು ಮಾಡಿ. ಮತ್ತೆ ಹಾಕುವಾಗ ಅದರ ತುದಿ ಗಾಡಿಯ ಹೊರಗೆ ಬಂದಿದೆಯಾ ನೋಡಿ. ಡಿಕ್ಕಿಯೊಳಗೇ ಬಿಟ್ಟರೆ ಮಳೆಗಾಲದಲ್ಲಿ ಸ್ಟೆಪ್ನಿ ಇಡುವ ಗುಂಡಿ ತುಂಬುತ್ತದೆ.

ಯೂನಿಟ್ ಮೇಜಿನ ಮೇಲೆ ಬಂದ ಮೇಲೆ ಡಬ್ಬಿಯ ಮುಚ್ಚಳದ ಸ್ಕ್ರೂ ಬಿಚ್ಚಿ. ತೆರೆಯುವ ಮೊದಲು ಫೋಟೋ, ತೆರೆದ ಮೇಲೆ ಫೋಟೋ, ಒಂದೊಂದು ಭಾಗ ತೆಗೆಯುವಾಗಲೂ ಫೋಟೋ. ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಅನ್ನುವುದು ಒಂದು ಗಂಟೆಯ ನಂತರ ಯಾರಿಗೂ ನೆನಪಿರುವುದಿಲ್ಲ. ಹರಿದ ಹಗ್ಗ, ಉದುರಿದ ಹಲ್ಲಿನ ಚೂರು ಎಲ್ಲ ತೆಗೆಯಿರಿ. ಹಳೇ ಗ್ರೀಸ್ ಕಂದು ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಅದನ್ನು ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಪ್ಲಾಸ್ಟಿಕ್ ಭಾಗಕ್ಕೆ ಪೆಟ್ರೋಲ್ ಬೇಡ. ಗೇರಿನ ಹಲ್ಲಿಗೆ ಮಾತ್ರ ಬಿಳಿ ಲಿಥಿಯಂ ಗ್ರೀಸ್ ಚೂರು.

ನಾನಾ ಪೇಠ್ ಅಲೆಮಾರಿ (ಪುಣೆ)

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಿಚ್ಚಿದ್ದೀರಿ ಅಂದ ಮೇಲೆ ಮೋಟಾರನ್ನು ನೇರ ಬ್ಯಾಟರಿಗೆ ಕೊಟ್ಟು ನೋಡಿ, ಎರಡೂ ದಿಕ್ಕಿಗೆ. ಒಂದು ದಿಕ್ಕಿಗೆ ಚುರುಕು, ಇನ್ನೊಂದಕ್ಕೆ ನಿಧಾನ ಅಂದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಟಾಪ್ಕೀರ್ ಗಲ್ಲಿಯಲ್ಲಿ ಸಣ್ಣ ಮೋಟಾರಿನ ಬ್ರಷ್ ಸಿಗುತ್ತದೆ, ಅಳತೆಗೆ ಉಜ್ಜಿಕೊಳ್ಳಬೇಕು.

ಮಾಸ್ಟ್‌ಗೆ ಮೊದಲು ನಾನಾ ಪೇಠ್‌ನಲ್ಲಿ ಕೇಳಿ. ಸಿಗದಿದ್ದರೆ ಭಾನುವಾರ ಅಥವಾ ಬುಧವಾರ ಜೂನಾ ಬಜಾರ್, ಹಳೇ ಸಾಮಾನಿನ ಸಂತೆ. ಅಲ್ಲಿ ಹಳೇ ಯೂನಿಟ್ಟೇ ಸಿಗಬಹುದು, ಕಡ್ಡಿ ಬಳಸಿಕೊಂಡು ಉಳಿದದ್ದು ಬಿಡಿಭಾಗಕ್ಕೆ ಇಟ್ಟುಕೊಳ್ಳಬಹುದು. ಮುಂಬೈಯವರು ಕುರ್ಲಾ ಕಡೆ ನೋಡಲಿ.

ಹಳೇ ಗಾಡಿ ಕಾಕಾ (ಪಿಂಪ್ರಿ)

ಪುಣೆಯಲ್ಲಿ ಹಳೇ ಮರ್ಸಿಡಿಸ್ ಇಟ್ಟುಕೊಂಡವರೂ ಬಹಳ ಜನ ಇದ್ದಾರೆ, 1995ರಲ್ಲಿ ಅದರ ಡಬ್ಲ್ಯೂ124 ಮಾಡೆಲ್ ಇಲ್ಲೇ ಜೋಡಣೆಯಾಗಲು ಶುರುವಾಯಿತಲ್ಲ. ಅದರಲ್ಲೂ ಆಂಟೆನಾ ಹಿಂದಿನ ಎಡ ಫೆಂಡರಿನಲ್ಲೇ, ಡಿಕ್ಕಿಯೊಳಗಿನಿಂದಲೇ ಬಿಚ್ಚುವುದು. ಆ ಗಾಡಿಗಳನ್ನು ನೋಡಿಕೊಳ್ಳುವ ಹಳೇ ಮೆಕ್ಯಾನಿಕ್‌ಗಳಿಗೆ ಈ ಕೆಲಸ ಬಾಯಿಪಾಠ. ಗಾಡಿ ಬೇರೆಯಾದರೂ ಅಂಥವರನ್ನು ಕೇಳಿ. ಎಲ್ಲಿ ಯಾವ ಮಾಸ್ಟ್ ಹೊಂದುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಸಿಂಹಗಡ ರೋಡ್ ಹುಡುಗ (ಪುಣೆ)

ಮಾಸ್ಟ್ ಸಿಕ್ಕಿತು. ಕಡ್ಡಿ ತಾಳೆಯಾಗಿದೆ, ಹಲ್ಲೂ ತಾಳೆಯಾಗಿದೆ. ಹಗ್ಗ ಮಾತ್ರ ಹಳೆಯದಕ್ಕಿಂತ ಉದ್ದ ಇದೆ. ಹಳೇ ತುಂಡುಗಳನ್ನೆಲ್ಲ ಸಾಲಾಗಿ ಇಟ್ಟು ಅಳೆದೆ. ಕತ್ತರಿಸಬೇಕಾ? ಹಲ್ಲು ಯಾವ ಕಡೆ ಮುಖ ಮಾಡಬೇಕು?

ವಾಸ್ಕೋ ಬಂದರು (ಗೋವಾ)

ಹಳೆಯದರ ಉದ್ದಕ್ಕೇ ಕತ್ತರಿಸಿ. ಜಾಸ್ತಿ ಉದ್ದ ಇದ್ದರೆ ಡಬ್ಬಿಯಲ್ಲಿ ಜಾಗ ಸಾಲದೆ ಕಡ್ಡಿ ಪೂರ್ತಿ ಇಳಿಯುವುದಿಲ್ಲ. ಕತ್ತರಿಸಿದ ತುದಿಯನ್ನು ಹಳೆಯದರ ತುದಿಯ ಆಕಾರಕ್ಕೇ ನಯ ಮಾಡಿ.

ಹಲ್ಲು ಗೇರಿನ ಕಡೆ ಮುಖ ಮಾಡಬೇಕು. ಡಬ್ಬಿ ತೆರೆದಾಗ ತೆಗೆದ ಫೋಟೋದಲ್ಲಿ ಗೇರ್ ಯಾವ ಕಡೆ ಇದೆ ನೋಡಿ. ಯೂನಿಟ್ ಗಾಡಿಗೆ ಕೂರಿಸಿ, ಬ್ಯಾಟರಿ ಹಾಕಿ, ರೇಡಿಯೋ ಆನ್ ಮಾಡಿ. ಮೋಟಾರ್ ಮೇಲೆ ತಳ್ಳುವ ಓಟ ಮುಗಿಸಿ ನಿಲ್ಲಲಿ. ಈಗ ಹಗ್ಗವನ್ನು ಮೇಲಿನಿಂದ ತೂರಿಸಿ, ಗೇರಿಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಒಳಗಿದ್ದವರಿಗೆ ರೇಡಿಯೋ ಆಫ್ ಮಾಡಲು ಹೇಳಿ. ಗೇರ್ ಹಗ್ಗ ಕಚ್ಚಿ ಕೆಳಗೆ ಎಳೆದುಕೊಳ್ಳುತ್ತದೆ. ನೀವು ಕಡ್ಡಿಯನ್ನು ನೆಟ್ಟಗೆ ಹಿಡಿದು ದಾರಿ ತೋರಿಸಿದರೆ ಸಾಕು, ಒತ್ತಬೇಡಿ. ಕಚ್ಚದಿದ್ದರೆ ಹಗ್ಗವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಕಡ್ಡಿ ಒಳಗೆ ಕೂತ ಮೇಲೆ ನಟ್ ಕೈಯಲ್ಲೇ ಬಿಗಿ ಮಾಡಿ, ಕೊನೆಗೆ ಪ್ಲೈಯರಿನಲ್ಲಿ ಚೂರು.

ಸಿಂಹಗಡ ರೋಡ್ ಹುಡುಗ (ಪುಣೆ)

ಕೆಲಸ ಆಯಿತು! ತಂಗಿ ರೇಡಿಯೋ ಹತ್ತಿರ, ನಾನು ಹಿಂದೆ. ಸರ್ರ್ ಅಂತ ಒಳಗೆ ಎಳೆದುಕೊಂಡಿತು. ಮೇಲೆ ಹೋಗುತ್ತದೆ, ಇಳಿಯುತ್ತದೆ. ಎಲ್ಲರಿಗೂ ಬಹಳ ಥ್ಯಾಂಕ್ಸ್.

ಒಂದು ಸಣ್ಣ ಕಿರಿಕಿರಿ ಉಳಿದಿದೆ. ಸ್ಟೀರಿಯೋ ಹೊಸದು, ಮೊದಲಿನದಲ್ಲ. ಪೆನ್‌ಡ್ರೈವ್ ಹಾಡು ಹಾಕಿದರೂ ಆಂಟೆನಾ ಮೇಲೆ ಬರುತ್ತದೆ. ಬ್ಲೂಟೂತ್ ಹಾಕಿದರೂ ಬರುತ್ತದೆ. ಸುಮ್ನೆ ಯಾಕೆ ಮೇಲೆ ನಿಲ್ಲಬೇಕು?

ಸೋಲ್ಡರ್ ಅಕ್ಕ (ಠಾಣೆ)

ಸ್ಟೀರಿಯೋ ಹಾಕಿದವರು ತಪ್ಪು ವೈರಿಗೆ ಕೊಟ್ಟಿದ್ದಾರೆ. ಹೊರಗಿನ ಸ್ಟೀರಿಯೋಗಳಲ್ಲಿ ಬಣ್ಣಗಳು ಸಾಮಾನ್ಯವಾಗಿ ಹೀಗೆ: ಹಳದಿ ಅಂದರೆ ಯಾವಾಗಲೂ ಇರುವ 12 ವೋಲ್ಟ್, ಕೆಂಪು ಅಂದರೆ ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ಥ್. ನೀಲಿ ಪವರ್ ಆಂಟೆನಾಗೆ. ಬಿಳಿ ಪಟ್ಟಿಯ ನೀಲಿ ಆಂಪ್ಲಿಫೈಯರ್‌ಗೆ. ಬರೀ ನೀಲಿಯಲ್ಲಿ ಹೆಚ್ಚಿನ ಸೆಟ್‌ಗಳು ರೇಡಿಯೋ ಹಾಕಿದಾಗ ಮಾತ್ರ ಕರೆಂಟ್ ಕೊಡುತ್ತವೆ. ಬಿಳಿ ಪಟ್ಟಿಯದು ಸೆಟ್ ಆನ್ ಇದ್ದಷ್ಟು ಹೊತ್ತೂ ಕೊಡುತ್ತದೆ. ನಿಮ್ಮದು ಬಿಳಿ ಪಟ್ಟಿಯದಕ್ಕೆ ಸೇರಿದೆ. ಬದಲಾಯಿಸಿ ನೋಡಿ. ಕೆಲವು ಸೆಟ್‌ಗಳಲ್ಲಿ ಎರಡಕ್ಕೂ ಒಂದೇ ವೈರ್ ಇರುತ್ತದೆ. ಹಾಗಿದ್ದರೆ ನಡುವೆ ಒಂದು ಸಣ್ಣ ಸ್ವಿಚ್ ಹಾಕಿಬಿಡಿ, ಪಾರ್ಕಿಂಗ್ ಮತ್ತು ಗಾಡಿ ತೊಳೆಯುವಾಗಲೂ ಉಪಯೋಗ.

ಒಂದು ಎಚ್ಚರಿಕೆ. ಆ ನೀಲಿ ವೈರ್ ಸೂಚನೆ ಕೊಡಲು ಮಾತ್ರ. ಅದು ತಾಳುವುದು ಸಾಮಾನ್ಯವಾಗಿ 300 ಮಿಲಿಆಂಪ್ ಆಸುಪಾಸು. ಮೋಟಾರ್ ಆಂಪ್‌ಗಟ್ಟಲೆ ಎಳೆಯುತ್ತದೆ. ನೀಲಿ ವೈರ್ ರಿಲೇಗೆ ಹೋಗಬೇಕು, ಮೋಟಾರಿಗೆ ಕರೆಂಟ್ ಫ್ಯೂಸ್ ಮೂಲಕ ಬ್ಯಾಟರಿಯಿಂದ ಬೇರೆ ಬರಬೇಕು. ನೇರ ಕೊಟ್ಟರೆ ಸ್ಟೀರಿಯೋ ಸುಡುತ್ತದೆ.

ಮುಲುಂಡ್ ಮಾರಾಯ (ಮುಂಬೈ)

ಬಿಳಿ ಪಟ್ಟಿ ಇರುವ ನೀಲಿ, ಇಲ್ಲದ ನೀಲಿ. ಡ್ಯಾಶ್‌ಬೋರ್ಡ್ ಕೆಳಗೆ ತಲೆಕೆಳಗಾಗಿ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಇದನ್ನು ಗುರುತಿಸಬೇಕು. ಇದಕ್ಕೇ ನಾನು ಗಾಜಿಗೆ ಅಂಟಿಸುವ ಆಂಟೆನಾ ಅಂದದ್ದು.

ಹಳೇ ಗಾಡಿ ಕಾಕಾ (ಪಿಂಪ್ರಿ)

ಹುಡುಗಾ, ಮೀಡಿಯಂ ವೇವ್ ಕೇಳುವ ಆಸೆ ಇದ್ದರೆ ಹಳೇ ರೇಡಿಯೋ ಎಸೆಯಬೇಡ. ಅಂಥ ಸೆಟ್‌ಗಳಲ್ಲಿ ಆಂಟೆನಾ ಪ್ಲಗ್ ಹತ್ತಿರ ಟ್ರಿಮ್ಮರ್ ಅಂತ ಸಣ್ಣ ಸ್ಕ್ರೂ ಇರುತ್ತದೆ. ಆಂಟೆನಾ ಬದಲಾಯಿಸಿದ ಮೇಲೆ ಕಡ್ಡಿ ಪೂರ್ತಿ ಎತ್ತಿ, 1400 ಕಿಲೋಹರ್ಟ್ಸ್ ಆಸುಪಾಸು ಒಂದು ಬಡಕಲು ಸ್ಟೇಷನ್ ಹಿಡಿದು, ಸದ್ದು ಅತಿ ಜೋರಾಗುವವರೆಗೆ ಆ ಸ್ಕ್ರೂ ತಿರುಗಿಸಬೇಕು. ಮೊದಲೆಲ್ಲ ರೇಡಿಯೋ ಅಂಗಡಿಯವರು ತಾವೇ ಮಾಡಿಕೊಡುತ್ತಿದ್ದರು.

ಎಂಜಿನ್ ಶುರುವಾದ ಕೂಡಲೇ ರೇಡಿಯೋದಲ್ಲಿ ಕುಂಯ್ ಅನ್ನುವ ಸದ್ದು ಬಂದು, ಎಕ್ಸಲರೇಟರ್ ಒತ್ತಿದರೆ ಏರುತ್ತದಾ ಅದೂ ನೋಡು. ಏರಿದರೆ ಆಂಟೆನಾ ಬುಡದ ಅರ್ಥ್ ಸರಿ ಕೂತಿಲ್ಲ. ಫೆಂಡರಿನ ಒಳಗಡೆ ಬ್ರಾಕೆಟ್ ತಾಗುವ ಜಾಗವನ್ನು ಕಾಗದದಲ್ಲಿ ಉಜ್ಜಿ, ಲೋಹ ಕಂಡ ಮೇಲೆ ಬಿಗಿ ಮಾಡು. ಮೇಲೆ ಚೂರು ಗ್ರೀಸ್ ಸವರು, ತುಕ್ಕು ಹಿಡಿಯದಿರಲಿ. ಇಲ್ಲಿ ಗ್ರೀಸ್ ನಡೆಯುತ್ತದೆ, ಅಕ್ಕ ಬೈಯುವುದಿಲ್ಲ.

ಸೋಲ್ಡರ್ ಅಕ್ಕ (ಠಾಣೆ)

ಬೈಯುವುದಿಲ್ಲ ಕಾಕಾ. ಕಾಗದ ಅಂದರೆ ಪಾಲಿಶ್ ಪೇಪರ್ ಅಂತ ಹೇಳಿ, ಇಲ್ಲವಾದರೆ ನ್ಯೂಸ್ ಪೇಪರಲ್ಲಿ ಉಜ್ಜುತ್ತಾನೆ.

ಸಿಂಹಗಡ ರೋಡ್ ಹುಡುಗ (ಪುಣೆ)

ಬಿಳಿ ಪಟ್ಟಿಯ ವೈರೇ ಆಗಿತ್ತು ಅಕ್ಕ. ನೀಲಿಗೆ ಬದಲಾಯಿಸಿದೆ, ಈಗ ಎಫ್‌ಎಂ ಹಾಕಿದರೆ ಮಾತ್ರ ಬರುತ್ತದೆ. ಕುಂಯ್ ಸದ್ದು ಸ್ವಲ್ಪ ಇದೆ ಕಾಕಾ, ಬ್ರಾಕೆಟ್ ಭಾನುವಾರ ನೋಡುತ್ತೇನೆ. ಮಾವ ಬಂದು ಮೂರ್ನಾಲ್ಕು ಸಲ ಆನ್-ಆಫ್ ಮಾಡಿಸಿ ನೋಡಿದರು. ಹೋಗುವಾಗ "ಮತ್ತೆ ಕವರ್ ಹಾಕೋವಾಗ ಜೋಪಾನ" ಅಂದರು.

ಪೊಂಡಾ ಪ್ರವಾಸಿ (ಗೋವಾ)

ನಾನೂ ಇಲ್ಲೇ ಕೇಳಿಬಿಡುತ್ತೇನೆ, ಬೇರೆ ಚರ್ಚೆ ಶುರುಮಾಡುವುದು ಬೇಡ. ನನ್ನದರಲ್ಲಿ ಆಂಟೆನಾ ಸರಾಗ ಮೇಲೆ ಹೋಗುತ್ತದೆ. ರೇಡಿಯೋ ಬಟನ್ ಒತ್ತಿ ಆಫ್ ಮಾಡಿದರೆ ಇಳಿಯುತ್ತದೆ. ಆದರೆ ಕೀ ತಿರುಗಿಸಿ ಗಾಡಿ ಆಫ್ ಮಾಡಿದರೆ ಮಾತ್ರ ಹಾಗೇ ಮೇಲೆ ನಿಲ್ಲುತ್ತದೆ. ಮಳೆಯಲ್ಲಿ ರಾತ್ರಿಯೆಲ್ಲ ಹೊರಗೆ. ಮೋಟಾರ್ ಹೋಯಿತಾ?

ವಾಸ್ಕೋ ಬಂದರು (ಗೋವಾ)

ಮೋಟಾರ್ ಚೆನ್ನಾಗಿದೆ. ಕೀ ತೆಗೆದ ಮೇಲೆ ಇಳಿಯಲು ಅದಕ್ಕೆ ಕರೆಂಟ್ ಬೇಕಲ್ವಾ? ಯಾವಾಗಲೂ 12 ವೋಲ್ಟ್ ಇರಬೇಕಾದ ವೈರನ್ನು ಯಾರೋ ಕೀ ಜೊತೆ ಬರುವ ಲೈನಿಗೆ ಸೇರಿಸಿರಬೇಕು. ಕೀ ತೆಗೆದ ಕೂಡಲೇ ರೇಡಿಯೋದ ಸೂಚನೆ, ಮೋಟಾರಿನ ಕರೆಂಟ್ ಎರಡೂ ಹೋಗುತ್ತವೆ, ಕಡ್ಡಿ ಇದ್ದಲ್ಲೇ ಉಳಿಯುತ್ತದೆ. ಕೀ ತೆಗೆದು ಮೋಟಾರಿನ ಕನೆಕ್ಟರಿನಲ್ಲಿ ಮೀಟರ್ ಇಟ್ಟು ನೋಡಿ. ಯಾವುದಾದರೂ ಒಂದು ಪಿನ್ನಿನಲ್ಲಿ 12 ಇರಲೇಬೇಕು. ಆಂಟೆನಾ ಕಡೆಯ ವೈರಿನ ಬಣ್ಣ ಕಂಪನಿಗೊಂದು ಥರ, ಬಣ್ಣ ನಂಬಬೇಡಿ, ಮೀಟರ್ ನಂಬಿ.

ಅಲ್ಲಿಯವರೆಗೆ ಕೀ ತೆಗೆಯುವ ಮೊದಲು ರೇಡಿಯೋ ಬಟನ್ ಒತ್ತಿ ಆಫ್ ಮಾಡಿ.

ಪೊಂಡಾ ಪ್ರವಾಸಿ (ಗೋವಾ)

ಅಳೆದೆ. ಕೀ ತೆಗೆದರೆ ಎಲ್ಲ ಪಿನ್ನೂ ಸೊನ್ನೆ. ಫ್ಯೂಸ್ ಬಾಕ್ಸಿನಲ್ಲಿ ಆಂಟೆನಾ ಅಂತ ಬರೆದ ಜಾಗದಲ್ಲಿ ಫ್ಯೂಸೇ ಇಲ್ಲ, ಅದರ ಬದಲು ಸಿಗರೇಟ್ ಲೈಟರಿನಿಂದ ಒಂದು ವೈರ್ ಎಳೆದಿದ್ದಾರೆ. ಹಳೇ ಮಾಲೀಕರ ಕೈಚಳಕ. ನಾಳೆ ಆ ವೈರ್ ತೆಗೆದು ಫ್ಯೂಸ್ ಹಾಕಿ ನೋಡುತ್ತೇನೆ.

ವಾಸ್ಕೋ ಬಂದರು (ಗೋವಾ)

ಫ್ಯೂಸ್ ಹಾಕಿದ ಕೂಡಲೇ ಸುಟ್ಟರೆ ದೊಡ್ಡದು ಹಾಕಬೇಡಿ. ಫ್ಯೂಸ್ ಬಾಕ್ಸಿನಿಂದ ಡಿಕ್ಕಿಗೆ ಹೋಗುವ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ ಅಂತ ಅರ್ಥ. ಹಳೇ ಮಾಲೀಕರು ಅದಕ್ಕೇ ಬೇರೆ ವೈರ್ ಎಳೆದಿರಬಹುದು. ಹಿಂದಿನ ಸೀಟಿನ ಕೆಳಗೆ, ಬಾಗಿಲ ಪಟ್ಟಿಯ ಒಳಗೆ ಹುಡುಕಿ. ಕಾರ್ಪೆಟ್ ಸ್ಕ್ರೂ ಹೊಕ್ಕ ಜಾಗ ಮೊದಲು ನೋಡಿ.